ಆಟ ಮೊದಲು ಕೆಡುತ್ತದೆ ಅಂತ ಹೇಳಿಯೇ ಫೀಸ್ ತಗೊಳ್ಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಾಲ್ಫ್ ಕಲಿಯುವುದರ ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಗಾಲ್ಫ್‌ಗೆ ಅಷ್ಟು ಜಾಗ ಸಿಗುವುದೇ ಅಪರೂಪ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಹಳೇ ಆಟಗಾರರೂ ಕೆಲವೇ ಕ್ಲಾಸ್‌ನಲ್ಲಿ ತಮ್ಮ ಸ್ವಿಂಗ್, ಅಂದರೆ ಕೋಲು ಬೀಸಿ ಹೊಡೆಯುವ ರೀತಿ, ಬದಲಾಯಿಸಿಕೊಳ್ಳಬಹುದು ಅಂತ ಅದರಲ್ಲಿ ಒಂದು ಸಾಲು ಇತ್ತು. ಅದರ ಕೆಳಗೇ ಒಂದು ಜಾಹೀರಾತು. ಹತ್ತು ಕ್ಲಾಸ್, ಹೊಸ ಸ್ವಿಂಗ್, ಡ್ರೈವ್‌ನಲ್ಲಿ (ಮೊದಲ ದೂರದ ಹೊಡೆತದಲ್ಲಿ) ಮೂವತ್ತು ಗಜ ಜಾಸ್ತಿ. ಸೋಮವಾರ ನಮಗೆ ರಜೆ. ಇವೆರಡನ್ನೂ ಓದಿದವರು ಮಂಗಳವಾರ ಬೆಳಿಗ್ಗೆ ಬಂದು ನಿಲ್ಲುವುದು ನನ್ನಂಥವರ ಮುಂದೆ. ಅದಕ್ಕೇ ಈ ಪತ್ರ.

ನಾನು ಬೆಂಗಳೂರಿನ ಒಂದು ಡ್ರೈವಿಂಗ್ ರೇಂಜ್‌ನಲ್ಲಿ (ಸಾಲಾಗಿ ನಿಂತು ಬಾಲ್ ಹೊಡೆದು ಅಭ್ಯಾಸ ಮಾಡುವ ಜಾಗ) ಗಾಲ್ಫ್ ಹೇಳಿಕೊಡುತ್ತೇನೆ. ಹುಡುಗನಾಗಿದ್ದಾಗ ಕ್ಯಾಡಿಯಾಗಿ ಆಟಗಾರರ ಬ್ಯಾಗ್ ಹೊರುತ್ತಿದ್ದೆ. ಈ ಊರಿನಲ್ಲಿ ಆ ದಾರಿಯಲ್ಲಿ ಬಂದವರು ಬಹಳ ಜನ ಇದ್ದಾರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಸಿ. ಮುನಿಯಪ್ಪನವರೂ ಕ್ಯಾಡಿಯಾಗಿದ್ದವರೇ. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅಷ್ಟು ಹಳೇ ಆಟ ಇಲ್ಲಿದ್ದರೂ, ಪಾಠಕ್ಕೆ ಹೋದರೆ ಏನಾಗುತ್ತದೆ ಅನ್ನುವುದನ್ನು ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನಾನು ನೋಡಿಲ್ಲ. ಹೊಸದಾಗಿ ಕಲಿಯುವವರ ಮಾತು ಬೇರೆ. ನಾನು ಬರೆಯುತ್ತಿರುವುದು ವರ್ಷಗಟ್ಟಲೆ ಆಡಿ, ಒಂದು ಕಡೆ ಸಿಕ್ಕಿಹಾಕಿಕೊಂಡು, "ಕೋಚ್, ನನ್ನ ಸ್ವಿಂಗ್ ಪೂರ್ತಿ ಬಿಚ್ಚಿ ಕಟ್ಟಿ ಕೊಡಿ" ಅಂತ ಬರುವವರ ಬಗ್ಗೆ.

ಅವರಿಗೆ ನಾನು ಮೊದಲೇ ಹೇಳುವ ಮಾತು ಒಂದೇ. ನಿಮ್ಮ ಆಟ ಮೊದಲು ಕೆಡುತ್ತದೆ. ಕೆಟ್ಟರೂ ಬರ್ತೀರಾ?

ಅರ್ಧಕ್ಕರ್ಧ ಜನ ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಮೊದಲ ಕ್ಲಾಸ್‌ಗೆ ಬಂದವರು ಒಂದು ಬಕೆಟ್ ಬಾಲ್ ತಂದು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಗಂಟೆ ಮುಗಿದಾಗ ಆ ಬಕೆಟ್‌ನಲ್ಲಿ ಮುಕ್ಕಾಲು ಪಾಲು ಹಾಗೇ ಉಳಿದಿರುತ್ತದೆ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ, ದುಡ್ಡು ಕೊಟ್ಟಿದ್ದು ಬಾಲ್ ಹೊಡೆಯುವುದಕ್ಕೆ ಅಲ್ವಾ ಅಂತ. ಆದರೆ ಆ ಹೊತ್ತು ಹೋಗುವುದೇ ಮಾತಿನಲ್ಲಿ, ನೋಡುವುದರಲ್ಲಿ. ಬೆನ್ನು ನೋವಿದೆಯಾ? ವಾರಕ್ಕೆ ಎಷ್ಟು ದಿನ ಬರಬಹುದು? ಮನೆಯಲ್ಲಿ ಕ್ಲಬ್, ಅಂದರೆ ಗಾಲ್ಫ್ ಕೋಲು, ಆಡಿಸಲು ಜಾಗ ಇದೆಯಾ? ಹತ್ತಿರದಲ್ಲಿ ಯಾವುದಾದರೂ ಟೂರ್ನಮೆಂಟ್ ಇದೆಯಾ? ಮುಂದಿನ ತಿಂಗಳು ಆಫೀಸ್ ಟೂರ್ನಮೆಂಟ್ ಇದೆ ಅಂದವರನ್ನು ನಾನು ವಾಪಸ್ ಕಳಿಸಿದ್ದೂ ಉಂಟು. ಅದು ಮುಗಿಸಿಕೊಂಡು ಬನ್ನಿ ಸರ್, ಈಗ ಕೈ ಹಾಕಿದರೆ ಹಳೆಯದೂ ಇರಲ್ಲ, ಹೊಸದೂ ಇರಲ್ಲ.

ಆಮೇಲೆ ಗ್ಲೌಸ್ ಕೊಡಿ ಅನ್ನುತ್ತೇನೆ. ಬಲಗೈ ಆಟಗಾರರು ಗ್ಲೌಸ್ ಹಾಕುವುದು ಎಡಗೈಗೆ. ಅದು ಎಲ್ಲಿ ಸವೆದಿದೆ ಅಂತ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗಿನ ದಪ್ಪ ಭಾಗದಲ್ಲಿ ತೂತು ಬಿದ್ದಿದ್ದರೆ, ಅವರು ಕ್ಲಬ್ಬನ್ನು ಬೆರಳಿನಲ್ಲಿ ಹಿಡಿಯುತ್ತಿಲ್ಲ, ಅಂಗೈಯಲ್ಲಿ ಹಿಡಿಯುತ್ತಿದ್ದಾರೆ. ಪ್ರತಿ ಹೊಡೆತಕ್ಕೂ ಕ್ಲಬ್ ಕೈಯಲ್ಲಿ ಜಾರಿ ಉಜ್ಜುತ್ತಿದೆ. ಒಬ್ಬರು ವರ್ಷಕ್ಕೆ ಇಷ್ಟು ಗ್ಲೌಸ್ ಹರಿಯುತ್ತೆ, ಕಂಪನಿಯವರು ಸರಿಯಾಗಿ ಹೊಲಿಯಲ್ಲ ಅಂತ ಬೈಯುತ್ತಿದ್ದರು. ಹಿಡಿತ ಬದಲಾದ ಮೇಲೆ ಅದೇ ಕಂಪನಿ ಗ್ಲೌಸ್ ಬಾಳಿಕೆ ಬಂತು.

ಅದಾದ ಮೇಲೆ ವಿಡಿಯೊ. ಒಂದು ಎದುರಿನಿಂದ, ಇನ್ನೊಂದು ಹಿಂದಿನಿಂದ, ಅಂದರೆ ಬಾಲ್ ಹೋಗಬೇಕಾದ ಗೆರೆಯ ಹಿಂದೆ ನಿಂತು. ಫೋನ್ ಸಾಕು, ಸ್ಲೋ ಮೋಷನ್ ಎಲ್ಲದರಲ್ಲೂ ಇದೆ. ಕ್ಲಬ್ ಮೇಲಿನಿಂದ ಬಾಲ್‌ಗೆ ಇಳಿಯುವುದು ಕಾಲು ಸೆಕೆಂಡಿನ ಆಸುಪಾಸಿನಲ್ಲಿ. ಕ್ಲಬ್ ಮುಖ ಬಾಲ್‌ಗೆ ತಗುಲಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು ಹೊತ್ತು. ಅಷ್ಟರಲ್ಲಿ ಏನನ್ನೂ ಯೋಚಿಸಿ ಸರಿಮಾಡಲು ಆಗುವುದಿಲ್ಲ. ಬಾಲ್ ಹತ್ತಿರ ಬಂದಾಗ ಮಣಿಕಟ್ಟು ತಿರುಗಿಸಿ ಅನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಮಾಡುವುದೆಲ್ಲ ಹಿಡಿತದಲ್ಲಿ, ನಿಲ್ಲುವುದರಲ್ಲಿ, ಕ್ಲಬ್ ಹಿಂದಕ್ಕೆ ತೆಗೆಯುವುದರಲ್ಲಿ ಇದೆ.

ಈಗ ಆಟ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ಹತ್ತಿರ ಬರುವವರಲ್ಲಿ ಸ್ಲೈಸ್ ಕಾಯಿಲೆಯವರೇ ಜಾಸ್ತಿ. ಬಲಗೈಯವರಿಗೆ ಬಾಲ್ ಬಲಕ್ಕೆ ಬಾಗಿ ಬಾಗಿ ಮರದ ಸಾಲಿಗೆ ಹೋಗುವುದು ಸ್ಲೈಸ್. ಇದಕ್ಕೆ ಸಾಮಾನ್ಯವಾಗಿ ಎರಡು ತಪ್ಪು ಸೇರಿರುತ್ತವೆ. ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಎಡಕ್ಕೆ ಕೊಯ್ದುಕೊಂಡು ಬರುತ್ತದೆ. ಅದೇ ಹೊತ್ತಿಗೆ ಕ್ಲಬ್‌ನ ಮುಖ ಆ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಬಾಲ್ ಹೊರಡುವ ದಿಕ್ಕನ್ನು ಹೆಚ್ಚಾಗಿ ತೀರ್ಮಾನಿಸುವುದು ಮುಖ. ಬಾಗುವುದು ಎಷ್ಟು ಅನ್ನುವುದು ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ. ಹಾಗಾಗಿ ಹೊಡೆಯುವವರು ತಮಗೆ ಗೊತ್ತಿಲ್ಲದ ಹಾಗೆ ಎಡಕ್ಕೆ ತಿರುಗಿ ನಿಲ್ಲಲು ಶುರು ಮಾಡುತ್ತಾರೆ. ಬಾಲ್ ಎಡಕ್ಕೆ ಹೊರಟು ಬಲಕ್ಕೆ ಬಾಗಿ, ಹೇಗೋ ಫೇರ್‌ವೇ (ಬಾಲ್ ಬೀಳಬೇಕಾದ, ಹುಲ್ಲು ಕತ್ತರಿಸಿದ ಪಟ್ಟಿ) ಅಂಚಿಗೆ ಬಂದು ಬೀಳುತ್ತದೆ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ, ನೋಡುವುದಕ್ಕೆ ಒಂದು ಸರಿ ಆಗಿರುತ್ತದೆ. ಇದರಲ್ಲೇ ಅವರು ವರ್ಷಗಟ್ಟಲೆ ಆಡಿರುತ್ತಾರೆ, ಬಹುಮಾನವನ್ನೂ ತಗೊಂಡಿರುತ್ತಾರೆ.

ಈಗ ನಾನು ಹಿಡಿತ ಸರಿಮಾಡುತ್ತೇನೆ. ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಮೇಲಿನಿಂದ ನೋಡಿದರೆ ಎರಡೂವರೆ ಗೆಣ್ಣು ಕಾಣುವ ಹಾಗೆ. ಮುಖ ತೆರೆದುಕೊಳ್ಳುವುದು ನಿಲ್ಲುತ್ತದೆ. ಆದರೆ ಕ್ಲಬ್ ಬರುವ ದಾರಿ ಇನ್ನೂ ಹಳೆಯದೇ, ಎಡಕ್ಕೇ ಕೊಯ್ಯುತ್ತಿದೆ. ಆಗ ಏನಾಗುತ್ತೆ? ಬಾಲ್ ನೇರ ಎಡಕ್ಕೆ ಹೋಗುತ್ತದೆ. ಬಾಗಿ ವಾಪಸ್ ಬರುವುದಿಲ್ಲ. ರೇಂಜ್‌ನ ಎಡಗಡೆ ಬಲೆಗೆ ಪಟ್ ಅಂತ ಬಡಿಯುತ್ತದೆ.

ಹೀಗೆ ಒಬ್ಬ ಎಂಜಿನಿಯರ್‌ಗೆ ಮಾಡಿಸುತ್ತಿದ್ದೆ. ವೈಟ್‌ಫೀಲ್ಡ್ ಕಡೆ ದೊಡ್ಡ ಕೆಲಸದಲ್ಲಿರುವವರು, ಟ್ರಾಫಿಕ್ ಶುರುವಾಗುವ ಮೊದಲು ಆರು ಗಂಟೆಗೇ ಬರುತ್ತಿದ್ದರು. ಹಿಡಿತ ಬದಲಾಯಿಸಿದ ದಿನ ಒಂದರ ಹಿಂದೆ ಒಂದು ಬಾಲ್ ಎಡಗಡೆ ಬಲೆಗೆ. ಅವರ ಮುಖ ಕೆಂಪಾಯಿತು. "ಮೊದಲು ಕನಿಷ್ಠ ಫೇರ್‌ವೇನಲ್ಲಿ ಇರ್ತಿತ್ತು ಕೋಚ್, ಇದಕ್ಕೆ ನಾನು ದುಡ್ಡು ಕೊಡಬೇಕಾ?" ಅಂದರು. ನಾನು ಅವರನ್ನು ಮ್ಯಾಟ್ ಬಿಟ್ಟು ಹುಲ್ಲಿಗೆ ಕರೆದುಕೊಂಡು ಹೋದೆ. ಸೆವೆನ್ ಐರನ್ ಅನ್ನುವ ಮಧ್ಯಮ ದೂರದ ಕ್ಲಬ್‌ನಲ್ಲಿ ಒಂದು ಹೊಡೆಸಿದೆ. ಹುಲ್ಲು ಕಿತ್ತು ಎದ್ದ ಜಾಗ, ನಾವು ಡಿವಟ್ ಅನ್ನುತ್ತೇವೆ, ಅದರ ಮೇಲೆ ಒಂದು ಅಲೈನ್‌ಮೆಂಟ್ ಸ್ಟಿಕ್, ಅಂದರೆ ದಿಕ್ಕು ತೋರಿಸುವ ಕಡ್ಡಿ, ಇಟ್ಟೆ. ಇನ್ನೊಂದು ಸ್ಟಿಕ್ ಬಾವುಟದ ಕಡೆಗೆ. ಎರಡರ ಮಧ್ಯೆ ಒಂದು ಕತ್ತರಿ ಬಾಯಿ ಬಿಟ್ಟಷ್ಟು ಅಂತರ. ಅವರು ಕುಕ್ಕರಗಾಲಲ್ಲಿ ಕೂತು ಸುಮ್ನೆ ನೋಡಿದರು. "ಬಾಲ್ ಸುಳ್ಳು ಹೇಳ್ತಿಲ್ಲ ಸರ್, ನೀವು ಹೊಡೆದ ಕಡೆಗೇ ಹೋಗ್ತಿದೆ, ಇದೇ ಮೊದಲ ಸಲ" ಅಂದೆ. ಎಂಜಿನಿಯರ್ ಅಲ್ವಾ, ತಕ್ಷಣ ಅರ್ಥವಾಯಿತು. ಒಂದು ತಪ್ಪು ತೆಗೆದಿದ್ದಕ್ಕೆ ಇನ್ನೊಂದು ಕಣ್ಣಿಗೆ ಬಿತ್ತು. ಇದನ್ನು ಮೊದಲೇ ಹೇಳದೆ ಹಿಡಿತ ಬದಲಾಯಿಸಿದರೆ ಎರಡನೇ ವಾರ ಅವರು ಬರುವುದಿಲ್ಲ. ಮನೆಯಲ್ಲಿ ಹಳೇ ಹಿಡಿತಕ್ಕೆ ಹೋಗಿ, ಕೋಚ್ ಸರಿಯಿಲ್ಲ ಅಂತ ಕ್ಲಬ್ಬಿನ ಬಾರ್‌ನಲ್ಲಿ ಹೇಳಿಕೊಂಡು ಓಡಾಡುತ್ತಾರೆ.

ಮ್ಯಾಟ್ ಬಗ್ಗೆ ಬಂದಿದ್ದರಿಂದ ಒಂದು ಮಾತು. ರೇಂಜ್‌ನ ಮ್ಯಾಟ್ ಬಹಳ ಒಳ್ಳೆಯ ಸುಳ್ಳುಗಾರ. ಕ್ಲಬ್ ಬಾಲ್‌ಗಿಂತ ಒಂದಿಂಚು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಜಾರಿಕೊಂಡು ಬಾಲ್‌ಗೆ ತಾಗುತ್ತದೆ, ಹೊಡೆತ ಚೆನ್ನಾಗಿದೆ ಅನ್ನಿಸುತ್ತದೆ. ಅದೇ ಹೊಡೆತ ಕೋರ್ಸ್‌ನ ಹುಲ್ಲಿನ ಮೇಲೆ ಮಣ್ಣು ಎಬ್ಬಿಸುತ್ತದೆ, ಬಾಲ್ ಹತ್ತು ಹೆಜ್ಜೆ ಹೋಗುವುದಿಲ್ಲ. ರೇಂಜ್‌ನಲ್ಲಿ ಹುಲಿ, ಕೋರ್ಸ್‌ನಲ್ಲಿ ಇಲಿ ಅಂತ ನಮ್ಮಲ್ಲಿ ಆಡಿಕೊಳ್ಳುವುದು ಇದಕ್ಕೇ.

ಇನ್ನು ದೇಹಕ್ಕೆ ಅನ್ನಿಸುವುದಕ್ಕೂ ನಿಜಕ್ಕೂ ಸಂಬಂಧವೇ ಇರುವುದಿಲ್ಲ. ಹೊಸ ಹಿಡಿತ ಮೊದಲ ದಿನ ಎಡಗೈಯಲ್ಲಿ ಸಹಿ ಹಾಕಿದ ಹಾಗಿರುತ್ತದೆ. ಕ್ಲಬ್ಬನ್ನು ಸ್ವಲ್ಪ ಒಳಗಿನಿಂದ ತನ್ನಿ ಅಂದರೆ, "ತಂದೆನಲ್ಲ, ಒಂದಡಿ ಒಳಗೆ ತಂದೆ" ಅನ್ನುತ್ತಾರೆ. ವಿಡಿಯೊ ಹಾಕಿ ತೋರಿಸಿದರೆ ಒಂದಿಂಚೂ ಬದಲಾಗಿರುವುದಿಲ್ಲ. ಅತಿ ಆಯ್ತು, ಅಸಹ್ಯ ಆಯ್ತು ಅನ್ನಿಸುವಷ್ಟು ಮಾಡಿದಾಗ ಬೇಕಾದ ಬದಲಾವಣೆಯಲ್ಲಿ ಅರ್ಧ ಬಂದಿರುತ್ತದೆ. ಅದಕ್ಕೇ ವಿಡಿಯೊ ಬೇಕು. ಕ್ರಿಕೆಟ್ ಆಡಿ ಬಂದವರಿಗೆ ಇದು ಇನ್ನೂ ಕಷ್ಟ. ನಮ್ಮ ಹುಡುಗರೆಲ್ಲ ಗಲ್ಲಿ ಕ್ರಿಕೆಟ್‌ನವರೇ. ಕೆಳಗಿನ ಕೈಯಲ್ಲಿ ಎತ್ತಿ ಬಾರಿಸಿ ಅಭ್ಯಾಸ, ತೋಳಿನಲ್ಲೇ ಹೊಡೆಯುತ್ತಾರೆ. ಸೊಂಟ ತಿರುಗುವುದು ಕೊನೆಗೆ ನೆನಪಾಗುತ್ತದೆ. ಅವರಿಗೆ ಕಾಲು ಜೋಡಿಸಿ ನಿಲ್ಲಿಸಿ ಹೊಡೆಸುತ್ತೇನೆ. ಜೋರು ಮಾಡಿದರೆ ಮುಗ್ಗರಿಸುತ್ತಾರೆ. ದೇಹವೇ ಪಾಠ ಹೇಳುತ್ತದೆ, ನಾನು ಬಾಯಿ ತೆರೆಯಬೇಕಾಗಿಲ್ಲ.

ಹಾಗಾಗಿ ಮೊದಲ ಕೆಲವು ವಾರ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದನೆ ಕ್ಲಬ್, ಬ್ಯಾಗ್‌ನಲ್ಲೇ ಇರಲಿ. ಸೆವೆನ್ ಐರನ್, ಅಥವಾ ನೈನ್ ಐರನ್. ಅರ್ಧ ಸ್ವಿಂಗ್, ಕೈ ಸೊಂಟದ ಮಟ್ಟದಿಂದ ಸೊಂಟದ ಮಟ್ಟಕ್ಕೆ. ನಿಧಾನ. ಬಾಲ್ ಅರವತ್ತು ಗಜ ಹೋದರೆ ಸಾಕು. ಐದು ಸಲ ಸುಮ್ನೆ ಆಡಿಸಿ, ಒಂದು ಬಾಲ್ ಹೊಡೆಯಿರಿ. ಮನೆಯಲ್ಲಿ ಕನ್ನಡಿ ಮುಂದೆ ದಿನಾ ಹತ್ತು ನಿಮಿಷ, ಬಾಲ್ ಇಲ್ಲದೆ. ಭಾನುವಾರ ಒಂದೇ ದಿನ ಮುನ್ನೂರು ಬಾಲ್ ಹೊಡೆಯುವವರಿಗಿಂತ ಈ ಹತ್ತು ನಿಮಿಷದವರು ಬೇಗ ಮೇಲೆ ಬರುತ್ತಾರೆ. ಬಾಲ್ ಕಂಡ ಕೂಡಲೇ ಕೈಗೆ ಹಳೇ ಚಾಳಿ ನೆನಪಾಗುತ್ತದೆ, ಅಷ್ಟೇ.

ಈಗ ಎಲ್ಲ ಕಡೆ ಲಾಂಚ್ ಮಾನಿಟರ್, ಅಂದರೆ ಹೊಡೆತ ಅಳೆದು ಅಂಕಿ ತೋರಿಸುವ ಮೆಷಿನ್, ಬಂದಿದೆ. ಒಳ್ಳೆಯ ಮೆಷಿನ್, ನಾನೂ ಬಳಸುತ್ತೇನೆ. ಆದರೆ ಸ್ಲೈಸ್ ತೆಗೆಯಲು ಬಂದವರಿಗೆ ಬೇಕಾದದ್ದು ಎರಡೇ ಅಂಕಿ, ಮುಖ ಎಲ್ಲಿ ನೋಡುತ್ತಿದೆ, ಕ್ಲಬ್ ಎಲ್ಲಿಗೆ ಹೋಗುತ್ತಿದೆ. ಅವರು ನೋಡುವುದು ಮಾತ್ರ ದೂರ. ಪಕ್ಕದ ಬೇನವರು, ಅಂದರೆ ಪಕ್ಕದ ಜಾಗದಲ್ಲಿ ನಿಂತವರು, 240 ಗಜ ಹೊಡೆದರು ಅಂತ ಗೊತ್ತಾದರೆ ಆ ದಿನದ ಪಾಠ ಮುಗಿದ ಹಾಗೇ. ನಾನು ಎಷ್ಟೋ ಸಲ ಸ್ಕ್ರೀನ್ ಆ ಕಡೆ ತಿರುಗಿಸಿ ಇಡುತ್ತೇನೆ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ಆಟಗಾರ ನಿಕ್ ಫಾಲ್ಡೊ ಕಥೆ ಹೇಳುತ್ತೇನೆ. 1983ರಲ್ಲಿ ಯುರೋಪಿಯನ್ ಟೂರ್‌ನಲ್ಲಿ 5 ಟೂರ್ನಿ ಗೆದ್ದವರು ಅವರು. ಆದರೂ ಒತ್ತಡದಲ್ಲಿ ಈ ಸ್ವಿಂಗ್ ನಿಲ್ಲುವುದಿಲ್ಲ ಅನ್ನಿಸಿ, ಕೋಚ್ ಡೇವಿಡ್ ಲೆಡ್‌ಬೆಟರ್ ಹತ್ತಿರ ಹೋಗಿ ಪೂರ್ತಿ ಬದಲಾಯಿಸಲು ಕೂತರು. ಸುಮಾರು ಎರಡು ವರ್ಷ ಹಿಡಿಯಿತು. ಆ ಹೊತ್ತಿನಲ್ಲಿ ಗೆಲುವಿಲ್ಲ. 1987ರಲ್ಲಿ ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದರು, ಕೊನೆಯ ದಿನ 18 ಹೋಲ್‌ಗೂ ಪಾರ್, ಅಂದರೆ ಆ ಹೋಲ್‌ಗೆ ಗೊತ್ತುಮಾಡಿದಷ್ಟೇ ಹೊಡೆತ. ಟೈಗರ್ ವುಡ್ಸ್ 1997ರ ಮಾಸ್ಟರ್ಸ್ ಟೂರ್ನಿಯನ್ನು 12 ಸ್ಟ್ರೋಕ್ ಅಂತರದಲ್ಲಿ ಗೆದ್ದ ಮೇಲೆ ಕೋಚ್ ಬುಚ್ ಹಾರ್ಮನ್ ಜೊತೆ ಸ್ವಿಂಗ್ ಬದಲಾಯಿಸಲು ಹೊರಟರು. 1998ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಒಂದೇ ಗೆಲುವು. 1999ರಲ್ಲಿ 8. ದಿನವಿಡೀ ಅದೇ ಕೆಲಸ ಇರುವವರಿಗೇ ಹೀಗಾದರೆ, ವಾರಕ್ಕೆ ಒಂದು ಗಂಟೆ ಬರುವವರು ಹತ್ತು ಕ್ಲಾಸ್‌ನಲ್ಲಿ ಏನು ನಿರೀಕ್ಷೆ ಮಾಡಬಹುದು, ನೀವೇ ಹೇಳಿ.

ಆದರೆ ಈ ಎರಡು ಕಥೆ ಮಾತ್ರ ಹೇಳಿ ನಿಲ್ಲಿಸುವ ಕೋಚ್‌ಗಳನ್ನೂ ನಂಬಬೇಡಿ. 2007 ಮತ್ತು 2008ರಲ್ಲಿ ಮೂರು ಮೇಜರ್ (ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಹಾಗನ್ನುತ್ತಾರೆ) ಗೆದ್ದ ಪಾಡ್ರಿಗ್ ಹ್ಯಾರಿಂಗ್ಟನ್ ಆಮೇಲೆ ಸ್ವಿಂಗ್ ತಿದ್ದಲು ಹೋದರು. ಪಿಜಿಎ ಟೂರ್‌ನಲ್ಲಿ ಅವರ ಮುಂದಿನ ಗೆಲುವು ಬಂದಿದ್ದು 2015ಕ್ಕೆ. ಇನ್ನು ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿ. ಕ್ಲಬ್ ಮೇಲೆ ಹೋಗಿ ಒಂದು ಸುತ್ತು ಹಾಕಿ ಇಳಿಯುತ್ತದೆ, ನನ್ನ ಸ್ಟೂಡೆಂಟ್ ಹಾಗೆ ಮಾಡಿದರೆ ನಾನೇ ತಡೆದುಬಿಡುತ್ತಿದ್ದೆನೇನೋ. ಅವರಿಗೆ ಹೇಳಿಕೊಟ್ಟಿದ್ದು ಅವರ ಅಪ್ಪ. ಆ ಸುತ್ತನ್ನು ಅಪ್ಪ ಮುಟ್ಟಲಿಲ್ಲ. 2003ರ ಯುಎಸ್ ಓಪನ್ ಗೆದ್ದರು, 2016ರಲ್ಲಿ ಒಂದು ರೌಂಡನ್ನು 58 ಹೊಡೆತಕ್ಕೇ ಮುಗಿಸಿದರು. ಎಲ್ಲ ಸ್ವಿಂಗೂ ಬಿಚ್ಚಿ ಕಟ್ಟಬೇಕಾದದ್ದಲ್ಲ. ನನ್ನ ಲೆಕ್ಕದಲ್ಲಿ ಪೂರ್ತಿ ಬದಲಾಯಿಸಿ ಅಂತ ಬರುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಹಿಡಿತ, ನಿಲ್ಲುವ ದಿಕ್ಕು, ಬಾಲ್ ಇಡುವ ಜಾಗ, ಇಷ್ಟೇ. ಅಷ್ಟಕ್ಕೇ ನಿಲ್ಲಿಸಿ ಅಂದರೆ ಅವರಿಗೆ ಬೇಜಾರು. ದೊಡ್ಡ ರಿಪೇರಿ ಅಂದರೆ ಒಂದು ಗೌರವ ಇದೆ ನೋಡಿ.

ದೇಹವನ್ನೂ ನೋಡಬೇಕು. ದಿನವಿಡೀ ಕುರ್ಚಿಯಲ್ಲಿ ಕೂತವರ ಸೊಂಟ ತಿರುಗುವುದೇ ಇಲ್ಲ. ತಿರುಗದ ಸೊಂಟಕ್ಕೆ ಟಿವಿಯಲ್ಲಿ ಕಂಡ ಸ್ವಿಂಗ್ ತೊಡಿಸಿದರೆ ಹೊರೆ ಬೀಳುವುದು ಕೆಳಬೆನ್ನಿಗೆ. ಐವತ್ತು ದಾಟಿದವರಿಗೆ ನಾನು ಬ್ಯಾಕ್‌ಸ್ವಿಂಗ್ ಚಿಕ್ಕದು ಮಾಡಿಸುತ್ತೇನೆ, ಎಡ ಹಿಮ್ಮಡಿ ಸ್ವಲ್ಪ ಏಳಲಿ ಅನ್ನುತ್ತೇನೆ. ಮೊಣಕೈ ಒಳಭಾಗದಲ್ಲಿ ನೋವು ಶುರುವಾದರೆ ಕ್ಲಾಸ್ ನಿಲ್ಲಿಸಿ ಫಿಸಿಯೊ ಹತ್ತಿರ ಕಳಿಸಬೇಕು. ನೋವು ನುಂಗಿ ಹೊಡೆಯಿರಿ ಅನ್ನುವವರು ಕೋಚ್‌ಗಳಲ್ಲ.

ಕೋಚ್ ಆರಿಸುವಾಗ ಏನು ಕೇಳಬೇಕು? ಇಂಡಿಯನ್ ಗಾಲ್ಫ್ ಯೂನಿಯನ್‌ನ ನ್ಯಾಷನಲ್ ಗಾಲ್ಫ್ ಅಕಾಡೆಮಿ ಕೋಚ್‌ಗಳಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತದೆ. ಅದು ಇದೆಯಾ ಅಂತ ಕೇಳಿ, ತಪ್ಪೇನಿಲ್ಲ. ಆದರೆ ಸರ್ಟಿಫಿಕೇಟ್‌ಗಿಂತ ನಾನು ನೋಡುವುದು ಬೇರೆ. ಒಂದು ಕ್ಲಾಸ್‌ನಲ್ಲಿ ಎಷ್ಟು ವಿಷಯ ಹೇಳುತ್ತಾರೆ? ಒಂದು ಹೇಳಿದರೆ ಒಳ್ಳೆಯವರು, ಎರಡಾದರೂ ಪರವಾಗಿಲ್ಲ. ತಲೆ ಅಲ್ಲಾಡಿಸಬೇಡಿ, ಮೊಣಕೈ ಒಳಗಿಡಿ, ಸೊಂಟ ಮೊದಲು, ಮಣಿಕಟ್ಟು ಆಮೇಲೆ ಅಂತ ಒಂದೇ ಉಸಿರಿನಲ್ಲಿ ಹೇಳಿದರೆ ಬ್ಯಾಗ್ ಎತ್ತಿಕೊಂಡು ಹೊರಡಿ. ಯಾಕೆ ಅಂತ ಕೇಳಿದರೆ ಉತ್ತರ ಕೊಡುತ್ತಾರಾ? ಮುಂದಿನ ಕ್ಲಾಸ್‌ವರೆಗೆ ಏನು ಮಾಡಬೇಕು ಅಂತ ಹೇಳಿ ಕಳಿಸುತ್ತಾರಾ? ಹೋದ ಸಲ ಏನು ಹೇಳಿದ್ದೆ ಅನ್ನುವುದು ಅವರಿಗೇ ನೆನಪಿದೆಯಾ? ವಾರಕ್ಕೆ ಮೂರು ಕ್ಲಾಸ್ ಬನ್ನಿ ಅನ್ನುವವರ ಮೇಲೆ ನನಗೆ ಅನುಮಾನ. ಹೇಳಿದ್ದನ್ನು ದೇಹ ಒಪ್ಪಿಕೊಳ್ಳಲು ಮಧ್ಯೆ ದಿನ ಬೇಕು. ಹದಿನೈದು ದಿನಕ್ಕೊಮ್ಮೆ ಬಂದು, ನಡುವೆ ಮನೆಪಾಠ ಮಾಡಿದರೆ ಸಾಕು. ಹೀಗೆ ಹೇಳಿದರೆ ನಮ್ಮ ರೇಂಜ್‌ನವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಅದಕ್ಕೇ ಹೆಸರು ಹಾಕಬೇಡಿ ಅಂತ ಕೆಳಗೆ ಬರೆದಿದ್ದೇನೆ.

ಒಂದು ಸಲ ಒಬ್ಬರನ್ನು ಹಿಡಿದ ಮೇಲೆ ಅವರ ಮಾತನ್ನೇ ಕೇಳಿ. ಬೆಳಿಗ್ಗೆ ನನ್ನ ಪಾಠ, ಮಧ್ಯಾಹ್ನ ಯೂಟ್ಯೂಬ್, ಸಂಜೆ ಆಟದ ಜೊತೆಗಾರರ ಸಲಹೆ. ಮೂರೂ ತಮ್ಮ ತಮ್ಮ ಮಟ್ಟಿಗೆ ಸರಿ ಇರಬಹುದು, ಒಂದೇ ಮೈಯಲ್ಲಿ ಹಿಡಿಸುವುದಿಲ್ಲ. ಕ್ಯಾಡಿಗಳ ಮಾತಿಗೂ ಇದೇ. ನಾನೂ ಬ್ಯಾಗ್ ಹೊತ್ತವನೇ, ಅವರನ್ನು ಹಗುರವಾಗಿ ನೋಡುವುದಿಲ್ಲ. ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ಯಾವ ಕಡೆ ಇಳಿಜಾರು, ಗಾಳಿಗೆ ಯಾವ ಕ್ಲಬ್, ಇದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಅದನ್ನು ಕೇಳಿ. ಏಳನೇ ಹೋಲ್‌ನಲ್ಲಿ ನಿಂತು ಸ್ವಿಂಗ್‌ನಲ್ಲಿ ಏನು ತಪ್ಪಾಯ್ತು ಅಂತ ಅವರನ್ನು ಕೇಳಬೇಡಿ. ನೀವು ಕೇಳಿದರೆ ಪಾಪ, ಏನಾದರೂ ಹೇಳಲೇಬೇಕಲ್ಲ ಅಂತ ಹೇಳುತ್ತಾರೆ.

ಸ್ವಿಂಗ್ ಬದಲಾಯಿಸುವ ಈ ತಿಂಗಳುಗಳಲ್ಲಿ ಕೋರ್ಸ್‌ಗೆ ಹೋಗಲೇಬಾರದಾ ಅಂತ ಕೇಳುವವರಿದ್ದಾರೆ. ಹೋಗಿ, ಸ್ಕೋರ್ ಕಾರ್ಡ್ ಬರೆಯಬೇಡಿ, ಬೆಟ್ ಕಟ್ಟಬೇಡಿ. ನೂರು ರೂಪಾಯಿ ಬೆಟ್ ಇದ್ದರೂ ಕೈ ಹಳೇ ಹಿಡಿತಕ್ಕೆ ಹೋಗಿಬಿಡುತ್ತದೆ. ಮತ್ತೆ, ಸ್ವಿಂಗ್ ಬಿಚ್ಚಿಟ್ಟಿರುವಾಗಲೂ ಪಟಿಂಗ್ (ಗ್ರೀನ್ ಮೇಲೆ ಬಾಲ್ ಉರುಳಿಸುವುದು) ಮತ್ತು ಚಿಪ್ಪಿಂಗ್ (ಗ್ರೀನ್ ಹತ್ತಿರದಿಂದ ಸಣ್ಣದಾಗಿ ಎತ್ತಿ ಹಾಕುವುದು) ಹಾಗೇ ಇರುತ್ತದಲ್ಲ, ಅದನ್ನು ಮಾಡಿ. 72 ಪಾರ್ ಕೋರ್ಸ್‌ನಲ್ಲಿ ಗ್ರೀನ್‌ಗೆ ಎರಡರಂತೆ 36 ಪಟ್ ಲೆಕ್ಕ ಹಾಕಿರುತ್ತಾರೆ. ಅರ್ಧ ಆಟ ಅಲ್ಲೇ ಇದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದಾಗ, ಅವರ ಜೊತೆ ಆಡಿದವರು ಡ್ರೈವ್‌ನಲ್ಲಿ ಅವರಿಗಿಂತ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಅದಿತಿ ಉಳಿದುಕೊಂಡಿದ್ದು ಪಟರ್‌ನಿಂದ. ಆದರೂ ನಮ್ಮ ರೇಂಜ್‌ನಲ್ಲಿ ಶನಿವಾರ ಬೆಳಿಗ್ಗೆ ಎಲ್ಲ ಬೇಗಳೂ ಭರ್ತಿ, ಜನ ಟೋಕನ್ ಹಿಡಿದು ಕಾಯುತ್ತಿರುತ್ತಾರೆ. ಪಕ್ಕದ ಪಟಿಂಗ್ ಗ್ರೀನ್ ಖಾಲಿ, ಅದಕ್ಕೆ ಫೀಸೂ ಇಲ್ಲ. ಪುರವಣಿಯಲ್ಲಿ ಮುಂದಿನ ಸಲ ಗಾಲ್ಫ್ ಬಗ್ಗೆ ಬರೆಸುವುದಾದರೆ ಪಟಿಂಗ್ ಮೇಲೆ ಒಂದು ಪುಟ ಬರೆಸಿ.

ಇತಿ,
ಒಬ್ಬ ಗಾಲ್ಫ್ ಕೋಚ್, ದೊಮ್ಮಲೂರು, ಬೆಂಗಳೂರು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)